ಕಂಪ್ಯೂಟರ್ ನಿಧಾನವಾದರೆ: ಮೊದಲು ಕಾರಣ, ಆಮೇಲೆ ಖರ್ಚು
(ಸಂಘದ ಆದಿತ್ಯವಾರದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗದ್ದಲ ಮುಗಿಸಿ, ಸಂಜೆಯ ಚಹದ ಗಿರಾಕಿ ಬರುವ ಮೊದಲು ಸಿಕ್ಕುವ ಎರಡು ತಾಸಿನ ವಿಶ್ರಾಂತಿಯನ್ನು ಬಿಟ್ಟು ತಾವು ಇಲ್ಲಿಗೆ ಬಂದಿದ್ದೀರಿ. ಆ ಎರಡು ತಾಸಿನ ಬೆಲೆ ನನಗೆ ಗೊತ್ತು. ಆದುದರಿಂದ ಸುತ್ತುಬಳಸಿ ಮಾತನಾಡದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ಇಂಜಿನಿಯರನಲ್ಲ. ಊರು ಬಿಟ್ಟು ಈ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಮೇಜು ಒರೆಸಿ, ಮಾಣಿಯಾಗಿ, ಆಮೇಲೆ ಗಲ್ಲೆಯಲ್ಲಿ ಕುಳಿತವನು. ರಾತ್ರಿ ಶಾಲೆಯಲ್ಲಿ ಕಲಿತ ನಾಲ್ಕಕ್ಷರದ ಬಲದಿಂದ ಈಗ ಕೆಲವು ವರ್ಷಗಳಿಂದ ಹೋಟೆಲುಗಳ ಬಿಲ್ಲಿನ ಕಂಪ್ಯೂಟರುಗಳನ್ನು ದುರಸ್ತಿ ಮಾಡಿ ಹೊಟ್ಟೆ ಹೊರೆಯುತ್ತಿದ್ದೇನೆ. ಕಾರ್ಯಕಾರಿ ಸಮಿತಿಯವರು ನನ್ನನ್ನು ಇಲ್ಲಿ ನಿಲ್ಲಿಸಿದುದಕ್ಕೆ ಒಂದು ಕಾರಣವಿದೆ.

ಕಳೆದ ತಿಂಗಳು ನಮ್ಮ ಸಂಘದ ಕಚೇರಿಗೆ ಒಬ್ಬ ಹಿರಿಯರು ಬಂದರು. ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿ ದುಡಿದವರು. ಭವಿಷ್ಯ ನಿಧಿಯ ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕಾಗುತ್ತದಲ್ಲವೆ? ಅದಕ್ಕಾಗಿ ಬಂದಿದ್ದರು. ಕಂಪ್ಯೂಟರಿನ ಗುಂಡಿ ಒತ್ತಿದೆವು. ಅದು ಎಚ್ಚರಗೊಳ್ಳುವುದಕ್ಕೇ ಒಂಬತ್ತು ನಿಮಿಷ ಹಿಡಿಯಿತು. ಪುಟ ತೆರೆಯುವುದಕ್ಕೆ ಮತ್ತಷ್ಟು ಹೊತ್ತು. ಅರ್ಧ ತುಂಬಿಸುವಾಗ ಪರದೆ ಮರಗಟ್ಟಿ ನಿಂತಿತು. ಒಂದೂವರೆ ತಾಸು ಕುರ್ಚಿಯಲ್ಲಿ ಕುಳಿತಿದ್ದ ಆ ಹಿರಿಯರು, "ಇರಲಿ ಮಗಾ, ಇನ್ನೊಂದು ದಿನ ಬರುತ್ತೇನೆ" ಎಂದು ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದರು. ಆ ಪತ್ರ ತಲುಪದಿದ್ದರೆ ಪಿಂಚಣಿ ನಿಲ್ಲುತ್ತದೆ. ಯಂತ್ರದ ನಿಧಾನ ಎಂದರೆ ನಮಗೆ ಬರಿಯ ಬೇಸರವಲ್ಲ, ಒಬ್ಬರ ಮನೆಯ ಅಕ್ಕಿಯ ಪ್ರಶ್ನೆ.

ಅದಾದ ಮೇಲೆ ಸಮಿತಿಯಲ್ಲಿ ಒಂದು ಸೂಚನೆ ಬಂತು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿ, ಪ್ರತಿಯೊಬ್ಬ ಸದಸ್ಯರಿಂದ ವಂತಿಗೆ ಎತ್ತಿ ಹೊಸದನ್ನು ಕೊಳ್ಳಬೇಕೆಂದು. ಸೂಚನೆ ತಂದವರ ಮನಸ್ಸು ಒಳ್ಳೆಯದೇ. ಆದರೆ ನಾನು ಒಂದು ಮಾತು ಕೇಳಿದೆ: "ಅದು ನಿಧಾನವಾಗಲು ಕಾರಣವೇನೆಂದು ಯಾರಾದರೂ ನೋಡಿದ್ದೀರಾ?" ಯಾರೂ ನೋಡಿರಲಿಲ್ಲ. "ನೀನೇ ನೋಡು, ನೋಡಿ ಸದಸ್ಯರಿಗೆ ಹೇಳು" ಎಂದರು. ನೋಡಿದ್ದೇನೆ. ಹೇಳಲು ಬಂದಿದ್ದೇನೆ.

ನಾನು ಮಾಡಿದ ತಪ್ಪು

ಮೊದಲು ನನ್ನ ಪೆಟ್ಟಿನ ಕಥೆ ಹೇಳಿಬಿಡುತ್ತೇನೆ. ನಾನು ಗಲ್ಲೆಯಲ್ಲಿದ್ದಾಗ, ಮಗಳ ಓದಿಗೆಂದು ಎರಡು ವರ್ಷ ಕೂಡಿಟ್ಟ ಹಣದಿಂದ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡಿದ್ದೆ. ಒಂದು ವರ್ಷದಲ್ಲಿ ಅದು ಎತ್ತಿನ ಗಾಡಿಯಂತಾಯಿತು. ಅಂಗಡಿಯೊಂದಕ್ಕೆ ಒಯ್ದೆ. ಅಂಗಡಿಯವನು ಮುಚ್ಚಳವನ್ನೂ ತೆರೆಯದೆ, "ಮದರ್‌ಬೋರ್ಡ್ ಹೋಗಿದೆ, ಇದನ್ನು ಇಲ್ಲೇ ಬಿಡಿ, ಏನೋ ಸ್ವಲ್ಪ ಕೊಡುತ್ತೇನೆ" ಎಂದ. ನಂಬಿದೆ. ಗುಜರಿಯ ಬೆಲೆಗೆ ಕೊಟ್ಟು ಬಂದೆ. ಆ ವರ್ಷ ಮಗಳು ಗೆಳತಿಯ ಮನೆಗೆ ಹೋಗಿ ಪಾಠ ಬರೆದುಕೊಂಡಳು. ಈ ಕೆಲಸ ಕಲಿತ ಮೇಲೆ ನನಗೆ ತಿಳಿಯಿತು: ಮದರ್‌ಬೋರ್ಡ್ ಹೋದ ಯಂತ್ರ ಸಾಮಾನ್ಯವಾಗಿ ಹೊತ್ತಿಕೊಳ್ಳುವುದೇ ಇಲ್ಲ. ನನ್ನದು ಹೊತ್ತಿಕೊಳ್ಳುತ್ತಿತ್ತು, ನಡೆಯುತ್ತಿತ್ತು, ಒಳಗೆ ಕರಕರ ಸದ್ದು ಮಾಡುತ್ತಿತ್ತು. ಕೆಟ್ಟಿದ್ದುದು ಡಿಸ್ಕ್ ಇದ್ದಿರಬೇಕು. ಅದೊಂದನ್ನು ಬದಲಿಸಿದ್ದರೆ ಇನ್ನೂ ನಾಲ್ಕು ವರ್ಷ ಬರುತ್ತಿತ್ತು.

ಆದುದರಿಂದ ನಾನಿಂದು ಹೇಳುವ ಎಲ್ಲ ಮಾತಿನ ಸಾರ ಒಂದೇ. ನಿಧಾನವಾದ ಯಂತ್ರವೆಲ್ಲ ಸತ್ತ ಯಂತ್ರವಲ್ಲ. ಮೊದಲು ಕಾರಣ ಹುಡುಕಿರಿ. ಕಾಸಿಲ್ಲದ ಉಪಾಯವನ್ನು ಮೊದಲು ಮಾಡಿರಿ, ಸಣ್ಣ ಖರ್ಚಿನದನ್ನು ಆಮೇಲೆ, ದೊಡ್ಡ ಖರ್ಚಿನದನ್ನು ಎಲ್ಲಕ್ಕೂ ಕೊನೆಗೆ.

ಯಂತ್ರದ ಒಳಗೆ ಒಂದು ಅಡುಗೆಮನೆ

ಕಂಪ್ಯೂಟರಿನ ಒಳಗೆ ಏನು ನಡೆಯುತ್ತದೆಂದು ತಿಳಿಯಬೇಕಾದರೆ ನಮ್ಮ ಅಡುಗೆಮನೆಯನ್ನೇ ನೆನೆದುಕೊಂಡರೆ ಸಾಕು. ಅಲ್ಲಿ ಭಟ್ಟರಿದ್ದಾರೆ. ಭಟ್ಟರ ಎದುರಿಗೆ ಕಟ್ಟೆಯಿದೆ. ಹಿಂದುಗಡೆ ಉಗ್ರಾಣವಿದೆ. ಕಂಪ್ಯೂಟರಿನಲ್ಲಿ ಪ್ರಾಸೆಸರ್ ಎಂಬುದೇ ಭಟ್ಟರು, ಕೆಲಸ ಮಾಡುವವರು ಅವರು. ಮೆಮೊರಿ ಅಥವಾ ರ್‍ಯಾಮ್ ಎಂಬುದು ಕಟ್ಟೆ. ಈಗ ಬೇಕಾದ ಸಾಮಾನು ಮಾತ್ರ ಅಲ್ಲಿರುತ್ತದೆ, ರಾತ್ರಿ ಗುಂಡಿ ಆರಿಸಿದರೆ ಕಟ್ಟೆ ಬರಿದಾಗುತ್ತದೆ. ಡಿಸ್ಕ್ ಎಂಬುದು ಉಗ್ರಾಣ. ಎಲ್ಲ ಸಾಮಾನೂ ಅಲ್ಲಿ ಕೂಡಿಟ್ಟಿರುತ್ತದೆ, ಗುಂಡಿ ಆರಿಸಿದರೂ ಉಳಿಯುತ್ತದೆ.

ಇನ್ನು ಹೇಳಿರಿ, ಊಟ ತಡವಾದರೆ ಯಾವಾಗಲೂ ಭಟ್ಟರದೇ ತಪ್ಪೆ? ಕಟ್ಟೆ ಚಿಕ್ಕದಾಗಿ, ಪ್ರತಿಯೊಂದು ಈರುಳ್ಳಿಗೂ ಉಗ್ರಾಣಕ್ಕೆ ಓಡಬೇಕಾಗಿ ಬಂದರೆ ಎಂಥ ಭಟ್ಟರಾದರೂ ತಡವಾಗುತ್ತಾರೆ. ಹಾಗೆಯೇ ಕಂಪ್ಯೂಟರ್ ನಿಧಾನವಾದಾಗ ಹೆಚ್ಚಾಗಿ ಪ್ರಾಸೆಸರ್ ಕೆಲಸವಿಲ್ಲದೆ ಕೈಕಟ್ಟಿ ನಿಂತಿರುತ್ತದೆ. ಉಗ್ರಾಣದಿಂದ ಸಾಮಾನು ಬರಲಿ ಎಂದು ಕಾಯುತ್ತಿರುತ್ತದೆ.

ನಮ್ಮ ಯಂತ್ರಗಳ ಶಕ್ತಿ ಸಣ್ಣದೇನೂ ಅಲ್ಲ. ಇದೇ ಮುಂಬಯಿಯಲ್ಲಿ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ನಮ್ಮ ದೇಶದ ಮೊದಮೊದಲ ಕಂಪ್ಯೂಟರುಗಳಲ್ಲಿ ಒಂದನ್ನು ತಾವೇ ಕಟ್ಟಿ 1960ರಲ್ಲಿ ಚಾಲನೆಗೆ ತಂದರು. 1962ರಲ್ಲಿ ಪಂಡಿತ ನೆಹರೂ ಅವರು ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಅದರ ಮೆಮೊರಿಯಲ್ಲಿ ತಲಾ 40 ಬಿಟ್ಟುಗಳ 2048 ಪದಗಳಿಗೆ ಮಾತ್ರ ಜಾಗವಿತ್ತು. ಇಂದು ನಾವು "ಸಾಲದು" ಎನ್ನುವ 4 ಜಿಬಿ ಮೆಮೊರಿ ಅದರ ನಾಲ್ಕು ಲಕ್ಷ ಪಾಲಿಗಿಂತ ಹೆಚ್ಚು. ಅಷ್ಟು ಸಣ್ಣ ಕಟ್ಟೆಯ ಮೇಲೆ ಅವರು ವಿಜ್ಞಾನದ ಲೆಕ್ಕಗಳನ್ನು ಮಾಡಿದರು. ನಮ್ಮದು ಸಾಲದಾಗುವುದು ಏಕೆಂದರೆ ಇಂದಿನ ಪ್ರೋಗ್ರಾಮುಗಳು ಬೆಳೆದಿವೆ. ಅಷ್ಟೇ ಅಲ್ಲ, ಕಟ್ಟೆಯ ಮೇಲೆ ಬೇಡದ್ದನ್ನೂ ನಾವು ಹೇರಿಕೊಂಡಿದ್ದೇವೆ.

ನಾಡಿ ನೋಡುವ ಬಗೆ

ವೈದ್ಯರು ನಾಡಿ ನೋಡದೆ ಮದ್ದು ಕೊಡುವುದಿಲ್ಲ. ಕಂಪ್ಯೂಟರಿನ ನಾಡಿ ನೋಡುವುದಕ್ಕೆ ವಿಂಡೋಸ್‌ನಲ್ಲೇ ಒಂದು ಸಾಧನವಿದೆ. ಅದಕ್ಕೆ ಟಾಸ್ಕ್ ಮ್ಯಾನೇಜರ್ ಎಂದು ಹೆಸರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ, ತೆರೆದುಕೊಳ್ಳುತ್ತದೆ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂದು ನಾಲ್ಕು ಕಂಬಸಾಲು ಕಾಣುತ್ತವೆ. ಪ್ರತಿಯೊಂದರ ತಲೆಯ ಮೇಲೆ ನೂರಕ್ಕೆ ಎಷ್ಟು ಪಾಲು ಕೆಲಸದಲ್ಲಿದೆ ಎಂಬ ಅಂಕಿ ಇರುತ್ತದೆ. ನೆಟ್‌ವರ್ಕಿನದು ಮಾತ್ರ ಜಾಲದ ಬಳಕೆಯ ಲೆಕ್ಕ. ಯಂತ್ರ ನಿಧಾನವಾಗಿರುವ ಹೊತ್ತಿನಲ್ಲೇ ಇದನ್ನು ನೋಡಬೇಕು. ಯಾವ ಅಂಕಿ ನೂರರ ಹತ್ತಿರ ನಿಂತಿದೆಯೋ ಅಲ್ಲಿದೆ ರೋಗ. ಆ ತಲೆಯ ಮೇಲೆ ಒಮ್ಮೆ ಒತ್ತಿದರೆ, ಅತಿ ಹೆಚ್ಚು ತಿನ್ನುತ್ತಿರುವ ಪ್ರೋಗ್ರಾಮಿನ ಹೆಸರು ಮೇಲಕ್ಕೆ ಬರುತ್ತದೆ.

ಈ ಒಂದು ವಿದ್ಯೆ ಕಲಿತರೆ ಸಾಕು, ಅಂಗಡಿಯವನ ಎದುರಿಗೆ ನೀವು ಬಾಯಿಲ್ಲದವರಾಗುವುದಿಲ್ಲ. ಇನ್ನು ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಕಾಸಿಲ್ಲದ ಉಪಾಯಗಳು

ಮೊದಲನೆಯದು, ಕರೆಯದೆ ಬಂದ ನೆಂಟರು. ನಾವು ಯಾವುದೋ ಕೆಲಸಕ್ಕೆ ಒಂದು ಪ್ರೋಗ್ರಾಮು ಹಾಕಿಕೊಳ್ಳುತ್ತೇವೆ. ಅದು ನಮ್ಮನ್ನು ಸರಿಯಾಗಿ ಕೇಳದೆಯೇ, ಗುಂಡಿ ಒತ್ತಿದ ಕೂಡಲೇ ತಾನೂ ಎದ್ದು ಕೂರುವಂತೆ ಏರ್ಪಾಡು ಮಾಡಿಕೊಳ್ಳುತ್ತದೆ. ಹೀಗೆ ಹತ್ತು ಸೇರಿದರೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಕಟ್ಟೆ ತುಂಬಿರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲೇ ಸ್ಟಾರ್ಟಪ್ ಎಂಬ ಪುಟವಿದೆ. ಅಲ್ಲಿ ಪಟ್ಟಿ ನೋಡಿ, ದಿನವೂ ಬೇಡದ್ದನ್ನು ಡಿಸೇಬಲ್ ಮಾಡಿರಿ. ಹೀಗೆ ಮಾಡಿದರೆ ಪ್ರೋಗ್ರಾಮು ಅಳಿಯುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ಆದರೆ ವೈರಸ್ ಕಾಯುವ ಪ್ರೋಗ್ರಾಮನ್ನೂ, ಬಿಲ್ಲಿನ ಪ್ರೋಗ್ರಾಮಿಗೆ ಬೇಕಾದುದನ್ನೂ ಮುಟ್ಟಬೇಡಿ. ಹೆಸರು ತಿಳಿಯದಿದ್ದರೆ ತಿಳಿದವರನ್ನು ಕೇಳಿ ಮುಂದುವರಿಯಿರಿ.

ಎರಡನೆಯದು, ಎಂದೂ ಪೂರ್ತಿ ಮಲಗದ ಯಂತ್ರ. ನೀವು ದಿನವೂ ಶಟ್ ಡೌನ್ ಮಾಡುತ್ತೀರಿ, ಆದರೂ ಅದು ಪೂರ್ತಿ ಮಲಗಿರುವುದಿಲ್ಲ! ಬೆಳಿಗ್ಗೆ ಬೇಗ ಏಳಲೆಂದು ವಿಂಡೋಸ್ ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಫಾಸ್ಟ್ ಸ್ಟಾರ್ಟಪ್ ಎಂದು ಅದರ ಹೆಸರು. ಹೀಗಾಗಿ ನಿನ್ನೆಯ ತೊಡಕು ಇಂದಿಗೂ ಉಳಿಯುವುದುಂಟು. ರೀಸ್ಟಾರ್ಟ್ ಎಂಬುದನ್ನು ಒತ್ತಿದರೆ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ವಾರಕ್ಕೆ ಒಂದೆರಡು ಬಾರಿಯಾದರೂ ರೀಸ್ಟಾರ್ಟ್ ಮಾಡಿರಿ. ಎಷ್ಟೋ ಕಡೆ ನಾನು ಹೋಗಿ ಮಾಡುವುದು ಇದಿಷ್ಟೇ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಮೂರನೆಯದು, ತುಂಬಿ ತುಳುಕುವ ಉಗ್ರಾಣ. ಉಗ್ರಾಣದಲ್ಲಿ ಕಾಲಿಡಲು ಜಾಗವಿಲ್ಲದಿದ್ದರೆ ಸಾಮಾನು ತೆಗೆಯುವುದು ಹೇಗೆ? ವಿಂಡೋಸ್‌ಗೆ ತನ್ನ ಕೆಲಸಕ್ಕೆ ಬರಿಯ ಜಾಗ ಬೇಕು. ಡಿಸ್ಕಿನ ಐದರಲ್ಲಿ ಒಂದು ಪಾಲಾದರೂ ಖಾಲಿ ಬಿಡುವುದು ಒಳ್ಳೆಯದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್ ಎಂಬಲ್ಲಿಗೆ ಹೋದರೆ ಯಾವುದು ಎಷ್ಟು ಜಾಗ ಹಿಡಿದಿದೆಯೆಂದು ತೋರಿಸುತ್ತದೆ. ತಾತ್ಕಾಲಿಕ ಕಡತಗಳನ್ನು ಅಲ್ಲಿಂದಲೇ ಅಳಿಸಬಹುದು. ಒಂದು ಎಚ್ಚರಿಕೆ: ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬುದೂ ಇರುತ್ತದೆ. ಅದಕ್ಕೆ ಗುರುತು ಹಾಕಿ ಅಳಿಸಿದರೆ ನೀವು ಇಳಿಸಿಕೊಂಡ ಸಂಬಳದ ಚೀಟಿ, ಮಕ್ಕಳ ಅಂಕಪಟ್ಟಿ ಎಲ್ಲವೂ ಹೋಗುತ್ತದೆ. ನೋಡಿ ಅಳಿಸಿರಿ.

ನಾಲ್ಕನೆಯದು, ಬ್ರೌಸರಿನಲ್ಲಿ ತೆರೆದಿಟ್ಟ ಪುಟಗಳು. ಒಂದು ಮೇಜಿನ ಗಿರಾಕಿ ಎದ್ದ ಮೇಲೆ ತಟ್ಟೆ ಎತ್ತದೆ ಇನ್ನೊಬ್ಬರನ್ನು ಕೂರಿಸುತ್ತೇವೆಯೆ? ಆದರೆ ಬ್ರೌಸರಿನಲ್ಲಿ ಇಪ್ಪತ್ತು ಪುಟ ತೆರೆದಿಟ್ಟು ಇಪ್ಪತ್ತೊಂದನೆಯದನ್ನು ತೆರೆಯುತ್ತೇವೆ. ಪ್ರತಿಯೊಂದು ಪುಟವೂ ಮೆಮೊರಿ ತಿನ್ನುತ್ತದೆ. ಕೆಲಸ ಮುಗಿದ ಪುಟವನ್ನು ಮುಚ್ಚಿರಿ. ಬ್ರೌಸರಿಗೆ ಅಂಟಿಕೊಂಡಿರುವ ಎಕ್ಸ್‌ಟೆನ್ಷನ್ ಎಂಬ ಬಾಲಂಗೋಚಿಗಳಲ್ಲಿ ಗುರುತಿಲ್ಲದವುಗಳನ್ನು ಕಿತ್ತುಹಾಕಿರಿ.

ಐದನೆಯದು, ಕಳ್ಳ ಪ್ರೋಗ್ರಾಮುಗಳು. ಹಣ ಕೊಡದೆ ಸಿಕ್ಕಿತೆಂದು ಕದ್ದ ಪ್ರತಿಗಳನ್ನು ಹಾಕಿಕೊಂಡರೆ ಅದರ ಜೊತೆಗೆ ಬೇರೆ ಏನೇನೋ ಒಳಗೆ ಬರುತ್ತದೆ. ನಿಮ್ಮ ಯಂತ್ರವನ್ನೂ ನಿಮ್ಮ ವಿದ್ಯುತ್ತನ್ನೂ ಬಳಸಿ ಇನ್ನೊಬ್ಬರ ಲಾಭಕ್ಕೆ ಹಗಲಿರುಳು ದುಡಿಯುವ ಪ್ರೋಗ್ರಾಮುಗಳೂ ಉಂಟು. ನಮ್ಮ ಶ್ರಮವನ್ನು ಕದಿಯುವವರು ಅಲ್ಲಿಯೂ ಇದ್ದಾರೆ! ವಿಂಡೋಸ್‌ನಲ್ಲಿ ವಿಂಡೋಸ್ ಸೆಕ್ಯೂರಿಟಿ ಎಂಬ ಕಾವಲುಗಾರನನ್ನು ಕೊಟ್ಟೇ ಇದ್ದಾರೆ. ಅದರಲ್ಲಿ ಫುಲ್ ಸ್ಕ್ಯಾನ್ ಮಾಡಿಸಿರಿ. ಮತ್ತೆ, ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರು ಬೇಡ. ಎರಡು ಆಂಟಿವೈರಸ್ ಹಾಕಿದರೆ ಒಂದೇ ಕಡತವನ್ನು ಇಬ್ಬರೂ ತಪಾಸಣೆ ಮಾಡುತ್ತಾರೆ, ಯಂತ್ರ ಮತ್ತಷ್ಟು ಕುಂಟುತ್ತದೆ. "ಒಂದೇ ಗುಂಡಿಗೆ ವೇಗ ಹೆಚ್ಚಿಸುತ್ತೇವೆ" ಎಂದು ಜಾಹೀರಾತು ಮಾಡುವ ಪ್ರೋಗ್ರಾಮುಗಳನ್ನು ಹತ್ತಿರ ಸೇರಿಸಬೇಡಿ. ವಿಂಡೋಸ್ ತಾನೇ ಮಾಡುವುದಕ್ಕಿಂತ ಹೆಚ್ಚಿನದನ್ನು ಅವು ಮಾಡುವುದು ಅಪರೂಪ, ಹೊಸ ಕಾಟ ತರುವುದೇ ಹೆಚ್ಚು.

ಆರನೆಯದು, ತಪ್ಪು ಯಂತ್ರದ್ದೇ ಅಲ್ಲದಿರುವುದು. ಪುಟ ತೆರೆಯುವುದು ಮಾತ್ರ ನಿಧಾನ, ಉಳಿದ ಕೆಲಸವೆಲ್ಲ ಸರಾಗ ಎಂದಾದರೆ ಅದು ಇಂಟರ್ನೆಟ್ಟಿನ ತೊಂದರೆ. ಅದೇ ವೈಫೈಯಲ್ಲಿ ಮೊಬೈಲಿನಿಂದ ಅದೇ ಪುಟ ತೆರೆದು ನೋಡಿರಿ. ಅಲ್ಲಿಯೂ ನಿಧಾನವಾದರೆ ಕಂಪ್ಯೂಟರನ್ನು ಬಯ್ದು ಫಲವಿಲ್ಲ. ಮೊಬೈಲಿನ ಸ್ವಂತ ಡೇಟಾದಲ್ಲಿಯೂ ತೆರೆಯದಿದ್ದರೆ ಆ ಸೈಟಿನಲ್ಲೇ ಜನಜಂಗುಳಿ ಇರಬಹುದು. ಬೆಳಿಗ್ಗೆ ಬೇಗ ಅಥವಾ ರಾತ್ರಿ ಪಾಳಿ ಮುಗಿದ ಮೇಲೆ ಪ್ರಯತ್ನಿಸಿರಿ.

ನಮ್ಮ ಕಸುಬಿನದೇ ಒಂದು ಕಾಯಿಲೆ

ಏಳನೆಯ ಕಾರಣವನ್ನು ಬೇರೆಯಾಗಿ ಹೇಳುತ್ತೇನೆ. ಏಕೆಂದರೆ ಇದು ಹೋಟೆಲಿನ ಕಂಪ್ಯೂಟರುಗಳಿಗೆ ವಿಶೇಷವಾಗಿ ತಗಲುವ ಕಾಯಿಲೆ. ಪ್ರಾಸೆಸರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರಗೆ ಹಾಕಲು ಲೋಹದ ರೆಕ್ಕೆಗಳೂ ಒಂದು ಪಂಕವೂ ಇರುತ್ತವೆ. ನಮ್ಮಲ್ಲಿ ಏನಾಗುತ್ತದೆ? ಗಲ್ಲೆಯ ಹಿಂದೆಯೇ ಕಾವಲಿ. ಎಣ್ಣೆಯ ಹೊಗೆ, ಹಿಟ್ಟಿನ ಪುಡಿ, ಬೀದಿಯ ಧೂಳು ಮೂರೂ ಸೇರಿ ಆ ರೆಕ್ಕೆಗಳ ನಡುವೆ ಕಂಬಳಿಯಂತೆ ಅಂಟಿಕೊಳ್ಳುತ್ತದೆ. ನೂಲಿನ ಖಾತೆಯಲ್ಲಿ ದುಡಿದ ಹಿರಿಯರಿಗೆ ಹತ್ತಿಯ ಧೂಳು ಎದೆಗೆ ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ಇದೂ ಹಾಗೆಯೇ. ಉಸಿರು ಕಟ್ಟಿದ ಪ್ರಾಸೆಸರ್ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಕುಂಟುವ ಯಂತ್ರ, ಪಂಕ ಜೋರಾಗಿ ಬೊಬ್ಬಿಡುವ ಯಂತ್ರ, ಕೈಯಿಟ್ಟರೆ ಸುಡುವ ಯಂತ್ರ ಕಂಡರೆ ಮೊದಲು ಧೂಳನ್ನು ಸಂಶಯಿಸಿರಿ.

ಉಪಾಯ ಸುಲಭ. ಯಂತ್ರ ಆರಿಸಿ, ವಿದ್ಯುತ್ತಿನ ತಂತಿ ಕಿತ್ತು, ಮುಚ್ಚಳ ತೆಗೆದು, ಪಂಕ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರಿನಿಂದ ಧೂಳು ಊದಿರಿ. ಒದ್ದೆ ಬಟ್ಟೆ ಎಂದೂ ಬೇಡ. ಎಣ್ಣೆ ಅಂಟಿದ್ದರೆ ಕಸುಬು ಬಲ್ಲವರಿಂದ ಬಿಚ್ಚಿಸಿ ತೊಳೆಸಿ, ಪ್ರಾಸೆಸರಿನ ಮೇಲಿನ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿಸಿರಿ. ಆಮೇಲೆ ಯಂತ್ರವನ್ನು ಕಾವಲಿಯಿಂದ ದೂರ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿರಿ. ಹೋಟೆಲಿನಲ್ಲಿ ಮೂರು ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಯಂತ್ರದ ಆಯುಷ್ಯ ಹೆಚ್ಚುತ್ತದೆ.

ಸಣ್ಣ ಖರ್ಚಿನ ಎರಡು ಉಪಾಯಗಳು

ಇಷ್ಟೆಲ್ಲ ಮಾಡಿದ ಮೇಲೂ ನಿಧಾನವೇ ಇದ್ದರೆ ಮತ್ತೆ ನಾಡಿ ನೋಡಿರಿ. ಡಿಸ್ಕಿನ ಅಂಕಿ ಸದಾ ನೂರರಲ್ಲೇ ನಿಂತಿದ್ದರೆ ಉಗ್ರಾಣವೇ ನಿಧಾನವೆಂದು ಅರ್ಥ. ಹಳೆಯ ಬಗೆಯ ಹಾರ್ಡ್ ಡಿಸ್ಕಿನ ಒಳಗೆ ಗ್ರಾಮಫೋನ್ ತಟ್ಟೆಯಂತಹ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಒಂದು ತೋಳು ಅತ್ತಿತ್ತ ಹೊರಳಿ ಬೇಕಾದುದನ್ನು ಹುಡುಕುತ್ತದೆ. ಬೇರೆ ಬೇರೆ ಕಡೆ ಚೆದುರಿದ ಸಣ್ಣ ಸಾಮಾನುಗಳಾದರೆ ಅದು ಸೆಕೆಂಡಿಗೆ ಸುಮಾರು ನೂರನ್ನು ಮಾತ್ರ ತಂದುಕೊಡಬಲ್ಲದು. ಹೊಸ ಬಗೆಯ ಎಸ್‌ಎಸ್‌ಡಿ ಎಂಬುದರಲ್ಲಿ ತಿರುಗುವ ಭಾಗವೇ ಇಲ್ಲ. ಅದು ಅದೇ ಹೊತ್ತಿನಲ್ಲಿ ಸಾವಿರ ಸಾವಿರವಾಗಿ ತರುತ್ತದೆ. ಹಳೆಯ ಯಂತ್ರಕ್ಕೆ ನಾವು ಮಾಡಬಹುದಾದ ಉಪಕಾರಗಳಲ್ಲಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದೇ ಎಲ್ಲಕ್ಕಿಂತ ದೊಡ್ಡದು. ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಇದು ಮುಗಿಯುತ್ತದೆ.

ಮೆಮೊರಿಯ ಅಂಕಿ ತೊಂಬತ್ತರ ಮೇಲೆ ನಿಂತಿದ್ದರೆ ಕಟ್ಟೆ ಚಿಕ್ಕದಾಗಿದೆ. ಆಗ ವಿಂಡೋಸ್ ಕಟ್ಟೆಯ ಮೇಲಿನ ಸಾಮಾನನ್ನು ಉಗ್ರಾಣಕ್ಕೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ಈ ಓಡಾಟದಲ್ಲೇ ಹೊತ್ತು ಹೋಗುತ್ತದೆ. 4 ಜಿಬಿ ಇರುವಲ್ಲಿ 8 ಜಿಬಿ ಮಾಡಿದರೆ ನಮ್ಮ ಬಿಲ್ಲು, ಅರ್ಜಿ, ಮಕ್ಕಳ ಪಾಠಗಳಿಗೆ ಧಾರಾಳ. ಕೆಲವು ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವ ಮೊದಲೇ ಅದನ್ನು ಕೇಳಿ ತಿಳಿಯಿರಿ.

ಡಿಸ್ಕಿನ ವಿಷಯದಲ್ಲಿ ಒಂದು ಮಾತು ಮರೆಯಬಾರದು. ಕಟಕಟ, ಕರಕರ ಸದ್ದು ಬಂದರೆ, ಕಡತ ತೆರೆಯುವಾಗ ತಪ್ಪುಗಳು ಕಾಣಿಸಿದರೆ, ವೇಗದ ಚಿಂತೆ ಬಿಟ್ಟು ಮೊದಲು ಒಳಗಿರುವುದನ್ನೆಲ್ಲ ಇನ್ನೊಂದು ಕಡೆಗೆ ನಕಲು ಮಾಡಿಕೊಳ್ಳಿರಿ. ಡಿಸ್ಕ್ ಸಾಯುವ ಮುನ್ನ ಕೊಡುವ ಎಚ್ಚರಿಕೆ ಅದು. ಸತ್ತ ಮೇಲೆ ಮಗುವಿನ ಫೋಟೋ ಆಗಲಿ, ಸಂಘದ ಸದಸ್ಯರ ಪಟ್ಟಿಯಾಗಲಿ ಮರಳಿ ಬರುವುದು ಬಲು ಕಷ್ಟ, ಬಂದರೂ ಬಲು ದುಬಾರಿ.

ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಬಿಡಿ ಭಾಗ ಕೊಳ್ಳುವವರಿದ್ದರೆ, ಬಿಲ್ಲು ಕೇಳಿ ಪಡೆಯಿರಿ. ಗ್ಯಾರಂಟಿ ಎಷ್ಟು ವರ್ಷವೆಂದು ಅದರಲ್ಲೇ ಬರೆಸಿರಿ. ತೆಗೆದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ತನ್ನಿರಿ. ಅದರಲ್ಲಿ ನಿಮ್ಮ ಆಧಾರ್, ಬ್ಯಾಂಕು, ಫೋಟೋ ಎಲ್ಲವೂ ಇರುತ್ತದೆ.

ಯಂತ್ರ ನಿಜವಾಗಿ ಹಳತಾದಾಗ

ಹೊಸದು ಕೊಳ್ಳಲೇಬಾರದೆಂದು ನಾನು ಹೇಳುವವನಲ್ಲ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿದರು. ಅದು ನಡೆಯುತ್ತದೆ, ಆದರೆ ಹೊಸ ಬಿರುಕುಗಳಿಗೆ ಎಂದಿನ ತೇಪೆ ಸಿಕ್ಕುವುದಿಲ್ಲ. ಬ್ಯಾಂಕು, ಭವಿಷ್ಯ ನಿಧಿಯಂಥ ಕೆಲಸಕ್ಕೆ ಅಂಥ ಯಂತ್ರವನ್ನು ನೆಚ್ಚುವುದು ಸರಿಯಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಡಿಸ್ಕ್, ಟಿಪಿಎಂ 2.0 ಎಂಬ ಭದ್ರತೆಯ ಭಾಗ ಮತ್ತು ಅವರು ಒಪ್ಪಿದ ಪಟ್ಟಿಯಲ್ಲಿರುವ ಪ್ರಾಸೆಸರ್ ಬೇಕು. ನಿಮ್ಮ ಯಂತ್ರಕ್ಕೆ ಅರ್ಹತೆ ಇದೆಯೇ ಎಂದು ಮೈಕ್ರೋಸಾಫ್ಟಿನವರ ಪಿಸಿ ಹೆಲ್ತ್ ಚೆಕ್ ಎಂಬ ಪ್ರೋಗ್ರಾಮೇ ಹೇಳುತ್ತದೆ. ಅರ್ಹತೆ ಇಲ್ಲದ ಯಂತ್ರವನ್ನೂ ಬಿಸಾಡಬೇಕಾಗಿಲ್ಲ. ಲಿನಕ್ಸ್ ಎಂಬುದು ಹಣವಿಲ್ಲದೆ ದೊರೆಯುತ್ತದೆ, ಅದರಲ್ಲಿ ಹಳೆಯ ಯಂತ್ರಗಳಿಗೆ ಹಗುರವಾದ ಬಗೆಗಳಿವೆ, ಕನ್ನಡವನ್ನೂ ಬರೆಯಬಹುದು. ಮಕ್ಕಳ ಓದಿಗೆ ಅಷ್ಟು ಸಾಕಾಗುವುದು.

ಮೊಬೈಲು ಮಾತ್ರ ಇರುವ ತಮ್ಮಂದಿರು ಬೇಸರಪಡಬೇಕಾಗಿಲ್ಲ, ಅವರಿಗೂ ಇದೇ ನ್ಯಾಯ. ಜಾಗ ತುಂಬಿದ ಮೊಬೈಲು ಕುಂಟುತ್ತದೆ. ಗುಂಪುಗಳಲ್ಲಿ ಬಂದ ಸುಪ್ರಭಾತದ ಚಿತ್ರಗಳನ್ನೂ ವೀಡಿಯೋಗಳನ್ನೂ ಅಳಿಸಿರಿ, ಬಳಸದ ಆ್ಯಪ್ ತೆಗೆಯಿರಿ, ವಾರಕ್ಕೊಮ್ಮೆ ಆರಿಸಿ ಹೊತ್ತಿಸಿರಿ, ಒಲೆಯ ಬಳಿ ಇಡಬೇಡಿ.

ಫೋನಿನಲ್ಲಿ ಬರುವ ವೈದ್ಯರು

ಒಂದು ಎಚ್ಚರಿಕೆಯ ಮಾತು. "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಅದಕ್ಕೇ ನಿಧಾನ, ನಾವು ಕಂಪನಿಯವರು, ಇಲ್ಲಿಂದಲೇ ಸರಿಮಾಡುತ್ತೇವೆ" ಎಂದು ಫೋನು ಬರುವುದುಂಟು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ನಂಬರು ಕಾಣಿಸಿ ಕರೆಮಾಡಲು ಹೇಳುವುದೂ ಉಂಟು. ದೂರದಿಂದ ಯಂತ್ರ ನಡೆಸುವ ಆ್ಯಪನ್ನು ನಿಮ್ಮಿಂದಲೇ ಹಾಕಿಸಿ, ನಿಮ್ಮ ಕಣ್ಣೆದುರಿಗೇ ಬ್ಯಾಂಕಿನ ಖಾತೆ ಬರಿದುಮಾಡುತ್ತಾರೆ. ತಿಳಿದಿರಲಿ, ಯಾವ ಕಂಪನಿಯೂ ನಿಮ್ಮ ಯಂತ್ರ ನಿಧಾನವೆಂದು ತಾನಾಗಿ ಫೋನು ಮಾಡುವುದಿಲ್ಲ. ಫೋನು ಕೆಳಗಿಡಿರಿ. ಒಂದು ವೇಳೆ ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930 ಎಂಬ ಸರಕಾರದ ಸಹಾಯವಾಣಿಗೆ ಕರೆಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ಎಷ್ಟು ಬೇಗ ತಿಳಿಸುವಿರೋ ಅಷ್ಟು ಒಳ್ಳೆಯದು.

ಸಂಘದ ಕಂಪ್ಯೂಟರಿನ ವರದಿ

ಈಗ ನಮ್ಮ ಕಚೇರಿಯ ಯಂತ್ರದ ವಿಷಯ. ಅದನ್ನು ಕೊಂಡದ್ದು 2019ರಲ್ಲಿ. ಪ್ರಾಸೆಸರ್ ಗಟ್ಟಿಯಾಗಿದೆ, ವಿಂಡೋಸ್ 11ಕ್ಕೆ ಅರ್ಹತೆಯೂ ಇದೆ. ಆದರೆ ಮೆಮೊರಿ 4 ಜಿಬಿ ಮಾತ್ರ, ಡಿಸ್ಕ್ ಹಳೆಯ ಬಗೆಯದು. ಗುಂಡಿ ಒತ್ತಿದ ಕೂಡಲೇ ಹನ್ನೊಂದು ಪ್ರೋಗ್ರಾಮುಗಳು ಏಳುತ್ತಿದ್ದವು. ಎರಡು ಆಂಟಿವೈರಸ್ ಒಂದಕ್ಕೊಂದು ಗುದ್ದಾಡುತ್ತಿದ್ದವು. ಒಳಗಿನ ಧೂಳನ್ನು ಒಂದು ಕಾಗದದ ಮೇಲೆ ಕೂಡಿಸಿ ಕಾರ್ಯದರ್ಶಿಗಳಿಗೆ ತೋರಿಸಿದ್ದೇನೆ. ಕಾಸಿಲ್ಲದ ಉಪಾಯಗಳನ್ನೆಲ್ಲ ಮಾಡಿದ ಮೇಲೆ ಒಂಬತ್ತು ನಿಮಿಷದ ಬದಲು ನಾಲ್ಕು ನಿಮಿಷಕ್ಕೆ ಎಚ್ಚರಗೊಂಡಿತು. ನನ್ನ ಬಳಿಯಿದ್ದ ಒಂದು ಎಸ್‌ಎಸ್‌ಡಿಯನ್ನು ಪರೀಕ್ಷೆಗೆಂದು ಹಾಕಿ ನೋಡಿದೆ. ಒಂದು ನಿಮಿಷವೂ ಬೇಕಾಗಲಿಲ್ಲ.

ಆದುದರಿಂದ ನನ್ನ ಸೂಚನೆ ಇದು. ಹೊಸ ಕಂಪ್ಯೂಟರಿಗಾಗಿ ವಂತಿಗೆ ಎತ್ತುವುದು ಬೇಡ. ಒಂದು ಎಸ್‌ಎಸ್‌ಡಿ, ಒಂದು ಮೆಮೊರಿ, ನಕಲು ಇಡುವುದಕ್ಕೆ ಹೊರಗಿನ ಒಂದು ಡಿಸ್ಕ್ ಇಷ್ಟನ್ನು ಸಂಘದ ಕಚೇರಿ ಖರ್ಚಿನಿಂದಲೇ ಕೊಳ್ಳಬಹುದು. ನನ್ನ ಕೈಕೂಲಿ ಬೇಡ. ಉಳಿದ ಹಣವನ್ನು ಹಾಗೆಯೇ ಇಟ್ಟಿದ್ದು, ನಮ್ಮ ಮಕ್ಕಳ ಪರೀಕ್ಷೆಯ ಫೀಸಿಗೆ ಒದಗಿಸುವುದಾದರೆ ನನಗೆ ಬಹಳ ಸಂತೋಷ. ತೀರ್ಮಾನ ಸಭೆಗೆ ಬಿಟ್ಟದ್ದು.

ಕೊನೆಯದಾಗಿ ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಊಟದ ಗದ್ದಲದ ಹೊತ್ತಿನಲ್ಲಿ ಬಿಲ್ಲಿನ ಯಂತ್ರ ನಿಂತರೆ ಗಿರಾಕಿ ಬಯ್ಯುವುದು ಗಲ್ಲೆಯ ಹುಡುಗನನ್ನು. ಧಣಿ ಬಯ್ಯುವುದೂ ಅವನನ್ನೇ. "ಕೈ ಚುರುಕಿಲ್ಲ" ಎನ್ನುತ್ತಾರೆ. ನಾನೂ ಆ ಬಯ್ಗುಳ ತಿಂದವನು. ಇನ್ನು ಮುಂದೆ ನಿಮಗೆ ಹಾಗೆ ಹೇಳಿದರೆ ಸಿಟ್ಟಾಗದೆ ಮೂರು ಕೀಲಿ ಒತ್ತಿ, ನೂರರಲ್ಲಿ ನಿಂತಿರುವ ಅಂಕಿಯನ್ನು ಧಣಿಗೆ ತೋರಿಸಿರಿ. "ಅಣ್ಣಾ, ನನ್ನ ಕೈ ಚುರುಕಾಗಿದೆ, ಡಿಸ್ಕ್ ನಿಧಾನವಾಗಿದೆ" ಎಂದು ವಿನಯದಿಂದ ಹೇಳಿರಿ. ಹೊರೆ ಹೆಚ್ಚಾದಾಗ ಕುಸಿಯುವವನು ಸೋಮಾರಿಯಲ್ಲವೆಂಬುದು ದುಡಿಯುವ ನಮಗೆ ಗೊತ್ತು. ಯಂತ್ರಕ್ಕೂ ಅದೇ ನ್ಯಾಯ ಕೊಟ್ಟರೆ ಅದೂ ನಮಗೆ ದುಡಿದು ಕೊಡುತ್ತದೆ.

ಆ ಗಿರಣಿಯ ಹಿರಿಯರನ್ನು ಮುಂದಿನ ಆದಿತ್ಯವಾರ ಬರಹೇಳಿದ್ದೇನೆ. ಈ ಬಾರಿ ಅವರು ಒಂದೂವರೆ ತಾಸು ಕಾಯಬೇಕಾಗುವುದಿಲ್ಲವೆಂದು ನಂಬಿದ್ದೇನೆ. ಟಾಸ್ಕ್ ಮ್ಯಾನೇಜರ್ ನೋಡಲು ಕಲಿಯಬೇಕೆನ್ನುವವರು ಸಭೆ ಮುಗಿದ ಮೇಲೆ ಕಚೇರಿಗೆ ಬನ್ನಿರಿ, ಸಂಜೆಯ ಪಾಳಿಗೆ ಹೊರಡುವ ಮೊದಲು ತೋರಿಸಿಕೊಡುತ್ತೇನೆ.